ಒಂದೇ ಕೀಬೋರ್ಡ್, ಇಬ್ಬರ ಕೈ: ಹಂಚಿಕೊಂಡ ಕಂಪ್ಯೂಟರ್‌ನಲ್ಲಿ ಸ್ಕ್ರೀನ್ ರೀಡರ್ ಸೆಟ್ಟಿಂಗ್ ಕಾಪಾಡಿಕೊಳ್ಳುವ ಬಗೆ

ಒಂದು ಸೋಮವಾರ ಬೆಳಿಗ್ಗೆ, ಒಂಬತ್ತೂವರೆಗೆ ಆಫೀಸಿನ ಮೀಟಿಂಗ್ ಇತ್ತು. ಅದಕ್ಕೆ ಮೊದಲು ಒಂದು ಮೇಲ್ ಮುಗಿಸೋಣ ಅಂತ ಕೂತಿದ್ದೆ. ಯಾವ ವಿಂಡೋದಲ್ಲಿದ್ದೀನಿ ಅಂತ ಕೇಳೋಕೆ ಕ್ಯಾಪ್ಸ್ ಲಾಕ್ ಹಿಡಿದು ಟಿ ಒತ್ತಿದೆ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ಅಂದರೆ ನನ್ನ ಸ್ಕ್ರೀನ್ ರೀಡರ್, ‘ಕ್ಯಾಪ್ಸ್ ಲಾಕ್ ಆನ್’ ಅಂದಿತು. ವಿಂಡೋ ಹೆಸರು ಬರಲಿಲ್ಲ. ಮತ್ತೆ ಒತ್ತಿದೆ. ‘ಕ್ಯಾಪ್ಸ್ ಲಾಕ್ ಆಫ್’. ಬಾಣದ ಕೀ ಒತ್ತಿಕೊಂಡು ಸಾಲನ್ನು ಒಂದೊಂದೇ ಅಕ್ಷರವಾಗಿ ಕೇಳಿದಾಗ ಗೊತ್ತಾಯ್ತು, ಮ್ಯಾನೇಜರ್‌ಗೆ ಬರೆಯುತ್ತಿದ್ದ ಸಾಲಿನ ಮಧ್ಯೆ ಎರಡು ಟಿ ಬಂದು ಕೂತಿದ್ದವು.

ಹಿಂದಿನ ರಾತ್ರಿ ಅಣ್ಣನ ಮಗಳು ಅದೇ ಲ್ಯಾಪ್‌ಟಾಪ್‌ನಲ್ಲಿ ಕಾಲೇಜಿನ ಪ್ರಾಜೆಕ್ಟ್ ಟೈಪ್ ಮಾಡಿದ್ದಳು. ಅವಳಿಗೆ ಕಣ್ಣು ಕಾಣುತ್ತದೆ, ನನಗೆ ಕಾಣುವುದಿಲ್ಲ. ಕೇಳಿದೆ. “ಅತ್ತೆ, ಎಷ್ಟು ಒತ್ತಿದ್ರೂ ಕ್ಯಾಪಿಟಲ್ ಲೆಟರ್ ಬರ್ತಾನೇ ಇರ್ಲಿಲ್ಲ. ಅದಕ್ಕೇ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ತೆಗೆದೆ” ಅಂದಳು. ಅವಳದ್ದು ತಪ್ಪಲ್ಲ. ಅವಳಿಗೆ ಬೇಕಾದ ಕೀಯನ್ನೇ ನಾನು ಸ್ಕ್ರೀನ್ ರೀಡರ್‌ಗಾಗಿ ಹಿಡಿದಿಟ್ಟುಕೊಂಡಿದ್ದೆ, ಅಷ್ಟೇ.

ರಾಜಾಜಿನಗರದ ನಮ್ಮ ಮನೆಯಲ್ಲಿ ಆದದ್ದು ಎಷ್ಟೋ ಮನೆಗಳಲ್ಲಿ ಆಗುತ್ತದೆ. ಬೆಂಗಳೂರಿನ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾ, ಸಮರ್ಥನಂ ಥರದ ಕಡೆ ಕಂಪ್ಯೂಟರ್ ಕಲಿತು ಬಂದವರಿಗೆಲ್ಲ ಸ್ವಂತದ್ದೊಂದು ಯಂತ್ರ ಇರುವುದಿಲ್ಲ. ಮನೆಯಲ್ಲಿ ತಮ್ಮ ತಂಗಿಯರ ಜೊತೆ, ಪಿಜಿಯಲ್ಲಿ ರೂಮ್‌ಮೇಟ್ ಜೊತೆ, ಆಫೀಸಿನಲ್ಲಿ ಇನ್ನೊಂದು ಶಿಫ್ಟ್‌ನವರ ಜೊತೆ ಹಂಚಿಕೊಳ್ಳಬೇಕು. ಹಂಚಿಕೊಳ್ಳೋದು ಸಮಸ್ಯೆಯೇ ಅಲ್ಲ. ಸೆಟ್ಟಿಂಗ್ ಯಂತ್ರದ್ದಲ್ಲ, ಕೂತ ಮನುಷ್ಯರದ್ದು ಅನ್ನೋದು ಮರೆತಾಗ ಮಾತ್ರ ತೊಂದರೆ ಶುರುವಾಗುತ್ತದೆ.

ಇಲ್ಲಿ ಹೇಳುವುದು ಹೆಚ್ಚಾಗಿ ವಿಂಡೋಸ್ ಮೇಲಿನ ಎನ್‌ವಿಡಿಎ ಬಗ್ಗೆ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರುಮಾಡಿ, ಜೇಮ್ಸ್ ಟೆ ಜೊತೆಗೂಡಿ ಬೆಳೆಸಿದ ಸ್ಕ್ರೀನ್ ರೀಡರ್ ಇದು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ದುಡ್ಡು ಕೊಡಬೇಕಿಲ್ಲ. ನಮ್ಮಲ್ಲಿ ತುಂಬಾ ಜನ ಬಳಸುವುದೂ ಇದನ್ನೇ.

ಮೊದಲು ಎನ್‌ವಿಡಿಎ ಕೀ ಅರ್ಥವಾಗಲಿ

ಎನ್‌ವಿಡಿಎಯ ಬಹುತೇಕ ಆಜ್ಞೆಗಳು ಒಂದು ಕೀಯನ್ನು ಹಿಡಿದುಕೊಂಡು ಇನ್ನೊಂದನ್ನು ಒತ್ತುವುದರಿಂದ ನಡೆಯುತ್ತವೆ. ಆ ಹಿಡಿಯುವ ಕೀಗೇ ಎನ್‌ವಿಡಿಎ ಕೀ ಅನ್ನುತ್ತೇವೆ. ಅದಾಗಬಲ್ಲ ಕೀಗಳು ಮೂರು: ನಂಬರ್ ಪ್ಯಾಡ್‌ನ ಇನ್ಸರ್ಟ್, ಹೋಮ್ ಮತ್ತು ಎಂಡ್ ಕೀಗಳ ಹತ್ತಿರದ ಇನ್ಸರ್ಟ್, ಆಮೇಲೆ ಕ್ಯಾಪ್ಸ್ ಲಾಕ್. ಎರಡು ಇನ್ಸರ್ಟ್‌ಗಳು ಮೊದಲಿಂದಲೇ ಆನ್ ಇರುತ್ತವೆ. ಕ್ಯಾಪ್ಸ್ ಲಾಕ್ ಬೇಕಾದವರು ತಾವೇ ಟಿಕ್ ಹಾಕಿಕೊಳ್ಳಬೇಕು. ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಇನ್ಸರ್ಟ್ ಯಾವುದೋ ಮೂಲೆಯಲ್ಲಿರುತ್ತದೆ, ಕೆಲವಕ್ಕೆ ಎಫ್‌ಎನ್ ಕೀ ಜೊತೆಗೆ ಒತ್ತಬೇಕು. ಹಾಗಾಗಿ ಲ್ಯಾಪ್‌ಟಾಪ್ ಬಳಸುವ ನಾವು ಕ್ಯಾಪ್ಸ್ ಲಾಕ್‌ಗೆ ಬರುತ್ತೇವೆ. ಎಡಗೈಯ ಕಿರುಬೆರಳು ತಾನಾಗಿಯೇ ಅಲ್ಲಿರುತ್ತದೆ, ಅಲ್ವಾ?

ಬದಲಾಯಿಸುವ ದಾರಿ ಹೀಗಿದೆ. ಎನ್‌ವಿಡಿಎ ಕೀ, ಕಂಟ್ರೋಲ್, ಕೆ ಮೂರನ್ನೂ ಒಟ್ಟಿಗೆ ಒತ್ತಿ. ಕೀಬೋರ್ಡ್ ಸೆಟ್ಟಿಂಗ್ ನೇರವಾಗಿ ತೆರೆದುಕೊಳ್ಳುತ್ತದೆ. ಮೆನುವಿನಿಂದಲೇ ಹೋಗುವುದಾದರೆ ಎನ್‌ವಿಡಿಎ ಕೀ ಜೊತೆ ಎನ್, ಆಮೇಲೆ ಪ್ರಿಫರೆನ್ಸಸ್, ಸೆಟ್ಟಿಂಗ್ಸ್, ಎಡಗಡೆಯ ಪಟ್ಟಿಯಲ್ಲಿ ಕೀಬೋರ್ಡ್. ಟ್ಯಾಬ್ ಒತ್ತುತ್ತಾ ಹೋದರೆ ಮೊದಲು ಲೇಔಟ್ ಸಿಗುತ್ತದೆ, ನಂತರ ಎನ್‌ವಿಡಿಎ ಕೀ ಆಗಬಲ್ಲ ಕೀಗಳ ಪಟ್ಟಿ. ಬಾಣದ ಕೀಯಿಂದ ಬೇಕಾದ್ದರ ಮೇಲೆ ಹೋಗಿ, ಸ್ಪೇಸ್ ಬಾರ್‌ನಿಂದ ಟಿಕ್ ಹಾಕಿ ಅಥವಾ ತೆಗೆಯಿರಿ. ಒಂದಾದರೂ ಟಿಕ್ ಉಳಿಯಲೇಬೇಕು, ಮೂರನ್ನೂ ತೆಗೆದರೆ ಅದು ಒಪ್ಪುವುದಿಲ್ಲ. ಕೊನೆಗೆ ಓಕೆ.

ನಮ್ಮ ಮನೆಯ ಜಗಳ ಬಗೆಹರಿಸಿದ ಮಾತು ಇಲ್ಲಿದೆ. ಕ್ಯಾಪ್ಸ್ ಲಾಕ್ ಎನ್‌ವಿಡಿಎ ಕೀ ಆಗಿದ್ದರೂ ಅದನ್ನು ಬೇಗಬೇಗ ಎರಡು ಸಲ ಒತ್ತಿದರೆ ಮಾಮೂಲಿ ಕೆಲಸವನ್ನೇ ಮಾಡುತ್ತದೆ, ದೊಡ್ಡ ಅಕ್ಷರ ಆನ್ ಆಗುತ್ತದೆ. ಇದೊಂದನ್ನು ಹೇಳಿಕೊಟ್ಟಿದ್ದರೆ ಅವಳು ಸೆಟ್ಟಿಂಗ್‌ಗೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ. ನಿಮ್ಮ ಜೊತೆ ಕಂಪ್ಯೂಟರ್ ಹಂಚಿಕೊಳ್ಳುವವರಿಗೆ ಇವತ್ತೇ ಹೇಳಿ. ಎರಡು ಒತ್ತುಗಳ ಮಧ್ಯೆ ನಿಧಾನ ಮಾಡಿದರೆ ಆಗುವುದಿಲ್ಲ, ಟಕಟಕ ಅಂತ ಒತ್ತಬೇಕು. ಇನ್ನೊಂದು ವಿಷಯ: ಎನ್‌ವಿಡಿಎ ಕೀ ಜೊತೆ ಎಸ್ ಒತ್ತಿ ಮಾತು ನಿಲ್ಲಿಸಿದ ಮಾತ್ರಕ್ಕೆ ಕ್ಯಾಪ್ಸ್ ಲಾಕ್ ಬಿಡುಗಡೆಯಾಗುವುದಿಲ್ಲ. ಬಾಯಿ ಮುಚ್ಚಿದರೂ ಎನ್‌ವಿಡಿಎ ಕೀಬೋರ್ಡ್ ಮೇಲೆ ಕೂತೇ ಇರುತ್ತದೆ.

ಲೇಔಟ್ ಬದಲಾದರೆ ಕೆಟ್ಟುಹೋಗಿದೆ ಅನ್ನಿಸುತ್ತದೆ

ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಅಂತ ಎರಡು ಲೇಔಟ್ ಇವೆ. ಅಕ್ಷರಗಳ ಜಾಗ ಬದಲಾಗುವುದಿಲ್ಲ, ಎನ್‌ವಿಡಿಎಯ ಆಜ್ಞೆಗಳು ಮಾತ್ರ ಬದಲಾಗುತ್ತವೆ. ಡೆಸ್ಕ್‌ಟಾಪ್ ಲೇಔಟ್ ನಂಬರ್ ಪ್ಯಾಡ್ ನೆಚ್ಚಿಕೊಂಡಿದೆ: ಪರದೆಯ ಪಠ್ಯ ಓದಿಸಲು 7, 8, 9 ಸಾಲಿಗೆ, 4, 5, 6 ಪದಕ್ಕೆ, 1, 2, 3 ಅಕ್ಷರಕ್ಕೆ. ಲ್ಯಾಪ್‌ಟಾಪ್ ಲೇಔಟ್ ಅದೇ ಕೆಲಸವನ್ನು ಹೆಚ್ಚಾಗಿ ಎನ್‌ವಿಡಿಎ ಕೀ ಮತ್ತು ಬಾಣದ ಕೀಗಳಿಂದ ಮಾಡುತ್ತದೆ.

ಎಡವುವುದು ಎಲ್ಲಿ ಅಂದರೆ, ಡೆಸ್ಕ್‌ಟಾಪ್ ಲೇಔಟ್‌ನಲ್ಲಿ ಎನ್‌ವಿಡಿಎ ಕೀ ಜೊತೆ ಕೆಳಬಾಣ ಒತ್ತಿದರೆ ಕರ್ಸರ್ ಇರುವಲ್ಲಿಂದ ಕೊನೆತನಕ ಓದುತ್ತಾ ಹೋಗುತ್ತದೆ. ಲ್ಯಾಪ್‌ಟಾಪ್ ಲೇಔಟ್‌ನಲ್ಲಿ ಅದೇ ಒತ್ತು ಒಂದು ಸಾಲು ಓದಿ ನಿಂತುಬಿಡುತ್ತದೆ. ಪೂರ್ತಿ ಓದಿಸಬೇಕಾದರೆ ಅಲ್ಲಿ ಎನ್‌ವಿಡಿಎ ಕೀ ಜೊತೆ ಎ ಒತ್ತಬೇಕು. ಈಗಿನ ಸಾಲು ಕೇಳಲು ಡೆಸ್ಕ್‌ಟಾಪ್‌ನಲ್ಲಿ ಮೇಲ್ಬಾಣ, ಲ್ಯಾಪ್‌ಟಾಪ್‌ನಲ್ಲಿ ಎಲ್. ಎರಡು ಲೇಔಟ್‌ನವರು ಒಂದೇ ಯಂತ್ರದಲ್ಲಿ ಕೂತರೆ ಇಬ್ಬರಿಗೂ ‘ಎನ್‌ವಿಡಿಎ ಕೆಟ್ಟಿದೆ’ ಅನ್ನಿಸುತ್ತದೆ. ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದವರನ್ನೂ ನಾನು ಬಲ್ಲೆ. ಅಷ್ಟೆಲ್ಲ ಬೇಡ, ಮೊದಲು ಲೇಔಟ್ ಯಾವುದಿದೆ ನೋಡಿ.

ಎಲ್ಲಕ್ಕಿಂತ ಒಳ್ಳೆಯ ದಾರಿ: ಒಬ್ಬೊಬ್ಬರಿಗೆ ಒಂದೊಂದು ವಿಂಡೋಸ್ ಅಕೌಂಟ್

ನನ್ನನ್ನು ಕೇಳಿದರೆ ಉಳಿದದ್ದೆಲ್ಲ ಆಮೇಲೆ, ಮೊದಲು ಇದನ್ನು ಮಾಡಿ. ಎನ್‌ವಿಡಿಎ ಇನ್‌ಸ್ಟಾಲ್ ಆಗುವುದು ಇಡೀ ಕಂಪ್ಯೂಟರ್‌ಗೆ, ಆದರೆ ಸೆಟ್ಟಿಂಗ್ ಉಳಿಯುವುದು ಆಯಾ ಬಳಕೆದಾರರ ಫೋಲ್ಡರ್‌ನಲ್ಲಿ. ಅಂದರೆ ನಿಮ್ಮ ಅಕೌಂಟ್‌ನಲ್ಲಿ ಕ್ಯಾಪ್ಸ್ ಲಾಕ್‌ಗೆ ಟಿಕ್ ಇದ್ದರೂ ಇನ್ನೊಬ್ಬರ ಅಕೌಂಟ್‌ಗೆ ಅದರ ಗಾಳಿಯೂ ಸೋಕುವುದಿಲ್ಲ. ಧ್ವನಿ, ವೇಗ, ಲೇಔಟ್, ನೀವೇ ಹೊಂದಿಸಿದ ಶಾರ್ಟ್‌ಕಟ್ ಎಲ್ಲವೂ ಬೇರೆಬೇರೆ.

ವಿಂಡೋಸ್ 11ರಲ್ಲಿ ಹೀಗೆ ಮಾಡಿ:

1. ವಿಂಡೋಸ್ ಕೀ ಜೊತೆ ಐ ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ. ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್. ವಿಂಡೋಸ್ 10ರಲ್ಲಿ ಇದರ ಹೆಸರು ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್.
2. ಆಡ್ ಅಕೌಂಟ್ ಒತ್ತಿ. ಇಮೇಲ್ ಕೇಳುತ್ತದೆ. ಮಕ್ಕಳಿಗೆ, ಅಮ್ಮನಿಗೆ ಇಮೇಲ್ ಇಲ್ಲದಿದ್ದರೆ ಪರವಾಗಿಲ್ಲ. ಸೈನ್ ಇನ್ ಮಾಹಿತಿ ಇಲ್ಲ ಅನ್ನುವ ಲಿಂಕ್ ಒತ್ತಿ, ಮುಂದೆ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೇರಿಸುವ ಲಿಂಕ್ ಒತ್ತಿ.
3. ಹೆಸರು, ಪಾಸ್‌ವರ್ಡ್ ಕೊಟ್ಟು ಮುಗಿಸಿ. ವಿಂಡೋಸ್ ಕೀ ಜೊತೆ ಎಲ್ ಒತ್ತಿ ಲಾಕ್ ಮಾಡಿ, ಹೊಸ ಅಕೌಂಟ್‌ಗೆ ಹೋಗಿ.

ಹೊಸ ಅಕೌಂಟ್‌ನಲ್ಲಿ ಎನ್‌ವಿಡಿಎ ಮೊದಲ ದಿನದ ಹಾಗೆಯೇ ಇರುತ್ತದೆ. ಕಣ್ಣು ಕಾಣುವವರ ಅಕೌಂಟ್ ಆದರೆ ಎನ್‌ವಿಡಿಎ ಸೆಟ್ಟಿಂಗ್‌ನ ಜನರಲ್ ಭಾಗದಲ್ಲಿ, ಸೈನ್ ಇನ್ ಆದ ಮೇಲೆ ಎನ್‌ವಿಡಿಎ ಶುರುಮಾಡುವ ಟಿಕ್ ತೆಗೆದುಬಿಡಿ. ಈ ಟಿಕ್ ಕೂಡ ಅಕೌಂಟಿಗೆ ಒಂದರಂತೆ ಇರುವುದು, ನಿಮ್ಮದು ಹಾಗೇ ಉಳಿಯುತ್ತದೆ. ನಡುವೆ ನಿಮಗೆ ಅಲ್ಲಿ ಬೇಕಾದರೆ ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಶುರುವಾಗುತ್ತದೆ. ಇನ್‌ಸ್ಟಾಲ್ ಮಾಡುವಾಗ ಡೆಸ್ಕ್‌ಟಾಪ್ ಶಾರ್ಟ್‌ಕಟ್ ಬೇಕು ಅಂದಿದ್ದರೆ ಮಾತ್ರ ಇದು ಕೆಲಸ ಮಾಡುವುದು. ಮುಚ್ಚಲು ಎನ್‌ವಿಡಿಎ ಕೀ ಜೊತೆ ಕ್ಯೂ.

ಲಾಗಿನ್ ಪರದೆ ಮಾತ್ರ ಎಲ್ಲರದ್ದೂ. ಅಲ್ಲಿ ಇನ್ನೂ ಯಾರೂ ಒಳಗೆ ಬಂದಿರುವುದಿಲ್ಲ, ಹಾಗಾಗಿ ಯಾರ ಸೆಟ್ಟಿಂಗೂ ತಾನಾಗಿ ಬರುವುದಿಲ್ಲ. ಅಲ್ಲಿ ಇನ್ಸರ್ಟ್ ಮಾತ್ರ ಕೆಲಸ ಮಾಡುತ್ತಿದ್ದು ಕ್ಯಾಪ್ಸ್ ಲಾಕ್ ಮಾಡದಿದ್ದರೆ ಗಾಬರಿಯಾಗಬೇಡಿ. ಜನರಲ್ ಭಾಗದಲ್ಲೇ ಈಗಿನ ಸೆಟ್ಟಿಂಗನ್ನು ಸೈನ್ ಇನ್ ಪರದೆಗೆ ಕಾಪಿ ಮಾಡುವ ಬಟನ್ ಇದೆ. ಅದಕ್ಕೆ ಅಡ್ಮಿನ್ ಅನುಮತಿ ಬೇಕು. ಒತ್ತುವ ಮೊದಲು ಸೆಟ್ಟಿಂಗ್ ಸೇವ್ ಮಾಡಿ, ಯಾಕೆಂದರೆ ಹೋಗುವುದು ಸೇವ್ ಆದದ್ದು ಮಾತ್ರ. ಆಡ್‌ಆನ್ (ಎನ್‌ವಿಡಿಎಗೆ ಹೊರಗಿನಿಂದ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಇದ್ದರೆ ಎನ್‌ವಿಡಿಎ ಎಚ್ಚರಿಕೆ ಕೊಡುತ್ತದೆ. ಅದನ್ನು ಪೂರ್ತಿ ಕೇಳಿಸಿಕೊಳ್ಳಿ, ಯಾರೋ ಬರೆದ ಆಡ್‌ಆನ್ ಲಾಗಿನ್ ಪರದೆಯಲ್ಲಿ ಓಡಬಾರದು. ಮನೆಯಲ್ಲಿ ಇಬ್ಬರು ಎನ್‌ವಿಡಿಎ ಬಳಸುವವರಿದ್ದರೆ ಯಾರ ಸೆಟ್ಟಿಂಗ್ ಅಲ್ಲಿರಬೇಕು ಅಂತ ಮಾತಾಡಿಕೊಂಡೇ ಒತ್ತಿ. ನನ್ನ ವೇಗದಲ್ಲಿ ಮಾತಾಡಿದರೆ ಹೊಸದಾಗಿ ಕಲಿಯುತ್ತಿರುವವರಿಗೆ ಪಾಸ್‌ವರ್ಡ್ ಪೆಟ್ಟಿಗೆ ಎಲ್ಲಿದೆ ಅಂತಲೂ ತಿಳಿಯುವುದಿಲ್ಲ.

ಒಂದೇ ಅಕೌಂಟ್‌ನಲ್ಲಿ ಇರಲೇಬೇಕಾದರೆ

ಕೆಲವು ಆಫೀಸುಗಳಲ್ಲಿ, ಲ್ಯಾಬ್‌ಗಳಲ್ಲಿ ಬೇರೆ ಅಕೌಂಟ್ ಕೊಡುವುದಿಲ್ಲ. ಆಗ ಎರಡು ಉಪಾಯ ಇವೆ.

ಮೊದಲನೆಯದು, ನಿಮ್ಮ ಸೆಟ್ಟಿಂಗಿಗೆ ಬೀಗ ಹಾಕುವುದು. ಎನ್‌ವಿಡಿಎ ಮುಚ್ಚುವಾಗ ಆಗಿರುವ ಬದಲಾವಣೆಯನ್ನೆಲ್ಲ ತಾನಾಗಿ ಸೇವ್ ಮಾಡುತ್ತದೆ. ಜನರಲ್ ಭಾಗದಲ್ಲಿ ಮುಚ್ಚುವಾಗ ಸೇವ್ ಮಾಡುವ ಟಿಕ್ ಇರುತ್ತದೆ, ಅದನ್ನು ತೆಗೆಯಿರಿ. ಎಲ್ಲವನ್ನೂ ನಿಮಗೆ ಹೊಂದುವಂತೆ ಮಾಡಿಕೊಂಡು ಎನ್‌ವಿಡಿಎ ಕೀ, ಕಂಟ್ರೋಲ್, ಸಿ ಒತ್ತಿ ಒಮ್ಮೆ ನೀವೇ ಸೇವ್ ಮಾಡಿ. ಇನ್ನು ಮೇಲೆ ಬೇರೆಯವರು ಬಂದು ಏನು ಬದಲಾಯಿಸಿದರೂ, ಅವರೂ ಹೀಗೆ ಬೇಕಂತಲೇ ಸೇವ್ ಮಾಡದಿದ್ದರೆ, ಅದು ಆ ಹೊತ್ತಿಗೆ ಮಾತ್ರ. ನೀವು ಬಂದು ಕೂತಾಗ ಎನ್‌ವಿಡಿಎ ಕೀ, ಕಂಟ್ರೋಲ್, ಆರ್ ಒಂದು ಸಲ ಒತ್ತಿದರೆ ಸೇವ್ ಆಗಿದ್ದ ಸೆಟ್ಟಿಂಗ್ ಮರಳಿ ಬರುತ್ತದೆ. ಒಂದೇ ಸಲ! ಮೂರು ಸಲ ಬೇಗಬೇಗ ಒತ್ತಿದರೆ ಕಂಪನಿಯಿಂದ ಬಂದ ಸ್ಥಿತಿಗೆ ಹೋಗಿಬಿಡುತ್ತದೆ.

ಇನ್‌ಪುಟ್ ಜೆಶ್ಚರ್ಸ್‌ಗೆ ಈ ಬೀಗ ಹತ್ತುವುದಿಲ್ಲ. ಪ್ರಿಫರೆನ್ಸಸ್ ಮೆನುವಿನ ಆ ಜಾಗದಲ್ಲಿ ಯಾವ ಆಜ್ಞೆಗೆ ಯಾವ ಕೀ ಅಂತ ಬದಲಾಯಿಸಬಹುದು, ಓಕೆ ಒತ್ತಿದ ಕೂಡಲೇ ಅದು ಉಳಿದುಬಿಡುತ್ತದೆ. ಹಂಚಿಕೊಂಡ ಅಕೌಂಟ್‌ನಲ್ಲಿ ಅಲ್ಲಿಗೆ ಕೈ ಹಾಕದಿರುವುದೇ ಒಳ್ಳೆಯದು. ಯಾರಾದರೂ ಕಲಸಿಟ್ಟಿದ್ದರೆ ಅಲ್ಲೇ ರೀಸೆಟ್ ಬಟನ್ ಇದೆ.

ಎರಡನೆಯದು ಪ್ರೊಫೈಲ್, ಅಂದರೆ ಹೆಸರಿಟ್ಟು ಬೇರೆಯಾಗಿ ಉಳಿಸುವ ಸೆಟ್ಟಿಂಗ್‌ಗಳ ಗುಂಪು. ಇಬ್ಬರೂ ಎನ್‌ವಿಡಿಎ ಬಳಸುವವರಾದರೆ ಇದೇ ಸರಿ. ಎನ್‌ವಿಡಿಎ ಕೀ, ಕಂಟ್ರೋಲ್, ಪಿ ಒತ್ತಿ. ನ್ಯೂ ಬಟನ್‌ಗೆ ಹೋಗಿ ಪ್ರೊಫೈಲ್‌ಗೆ ಹೆಸರು ಕೊಡಿ, ಬಳಕೆ ಮ್ಯಾನುಯಲ್ ಅಂತಲೇ ಇರಲಿ. ಓಕೆ ಒತ್ತಿದ ಮೇಲೆ ಆ ಪ್ರೊಫೈಲ್ ಚಾಲೂ ಆಗುತ್ತದೆ. ಈಗ ಕೀಬೋರ್ಡ್ ಸೆಟ್ಟಿಂಗ್‌ಗೆ ಹೋಗಿ ಲೇಔಟ್, ಎನ್‌ವಿಡಿಎ ಕೀ ಬದಲಾಯಿಸಿದರೆ ಅದು ಪ್ರೊಫೈಲ್‌ನಲ್ಲಿ ಮಾತ್ರ ಕೂರುತ್ತದೆ. ಖಾತ್ರಿ ಮಾಡಿಕೊಳ್ಳಲು ಎನ್‌ವಿಡಿಎ ಕೀ ಜೊತೆ ಟಿ ಒತ್ತಿ. ಸೆಟ್ಟಿಂಗ್ ವಿಂಡೋದ ಹೆಸರಿನಲ್ಲೇ ಯಾವ ಪ್ರೊಫೈಲ್ ಬದಲಾಗುತ್ತಿದೆ ಅಂತ ಹೇಳುತ್ತದೆ. ಮೊದಲನೇ ಉಪಾಯದ ಟಿಕ್ ತೆಗೆದಿದ್ದರೆ ಇದನ್ನೂ ನೀವೇ ಸೇವ್ ಮಾಡಬೇಕು. ಪ್ರೊಫೈಲ್‌ಗೆ ಹೋಗಿಬರಲು ಒಂದು ಶಾರ್ಟ್‌ಕಟ್ ಬೇಕಾದರೆ ಇನ್‌ಪುಟ್ ಜೆಶ್ಚರ್ಸ್‌ನ ಕಾನ್ಫಿಗರೇಶನ್ ಪ್ರೊಫೈಲ್ಸ್ ಭಾಗದಲ್ಲಿ ಕೊಡಬಹುದು. ಕೈ ಹಾಕಬೇಡಿ ಅಂದ ಜಾಗವೇ ನಿಜ, ಆದರೆ ಇದೊಂದಕ್ಕೆ ಇಬ್ಬರೂ ಕೂತು ಒಪ್ಪಿಕೊಂಡು ಮಾಡಿ.

ಪ್ರೊಫೈಲ್‌ಗೂ ಮಿತಿ ಇದೆ. ಎನ್‌ವಿಡಿಎ ಮತ್ತೆ ಶುರುವಾದರೆ ಮಾಮೂಲಿ ಸೆಟ್ಟಿಂಗ್‌ಗೇ ಬರುತ್ತದೆ, ಪ್ರೊಫೈಲನ್ನು ಮತ್ತೆ ಹಾಕಿಕೊಳ್ಳಬೇಕು. ಜನರಲ್ ಭಾಗದ ಸೆಟ್ಟಿಂಗ್ ಎಲ್ಲ ಪ್ರೊಫೈಲ್‌ಗೂ ಒಂದೇ. ಎನ್‌ವಿಡಿಎಯ ಮೆನುಗಳ ಭಾಷೆ ಅಲ್ಲೇ ಇರುವುದು. ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಒಬ್ಬರಿಗೆ ಕನ್ನಡ ಮೆನು, ಇನ್ನೊಬ್ಬರಿಗೆ ಇಂಗ್ಲಿಷ್ ಮೆನು ಬೇಕಾದರೆ ಪ್ರೊಫೈಲ್ ಸಾಲದು, ಅಕೌಂಟೇ ಬೇರೆ ಆಗಬೇಕು.

ಟೈಪ್ ಮಾಡುವಾಗಿನ ಮಾತು, ಮತ್ತು ಕನ್ನಡ

ಒತ್ತಿದ ಪ್ರತಿ ಅಕ್ಷರ ಹೇಳಬೇಕೇ ಅನ್ನುವುದು ಎನ್‌ವಿಡಿಎ ಕೀ ಜೊತೆ 2, ಪದ ಹೇಳಬೇಕೇ ಅನ್ನುವುದು 3, ಎಂಟರ್, ಬಾಣ ಥರದ ಕೀಗಳನ್ನು ಹೇಳಬೇಕೇ ಅನ್ನುವುದು 4. ಇವು ಕೈತಪ್ಪಿ ಬದಲಾಗುವುದೇ ಜಾಸ್ತಿ. ಕೂತ ಕೂಡಲೇ ಎನ್‌ವಿಡಿಎ ಒಂದೊಂದು ಬಾಣವನ್ನೂ ಹೆಸರು ಹಿಡಿದು ಕೂಗುತ್ತಿದ್ದರೆ 4 ಆನ್ ಆಗಿದೆ ಅಂತ ಅರ್ಥ.

ಕನ್ನಡ ಟೈಪಿಂಗ್‌ನಲ್ಲಿ ಎರಡು ಸೆಟ್ಟಿಂಗ್ ಒಂದರ ಮೇಲೊಂದು ಬೀಳುತ್ತವೆ. ವಿಂಡೋಸ್ ಕೀಬೋರ್ಡ್ ಭಾಷೆ ಒಂದು, ಎನ್‌ವಿಡಿಎ ಧ್ವನಿಯ ಭಾಷೆ ಇನ್ನೊಂದು. ಭಾಷೆ ಬದಲಿಸುವುದು ವಿಂಡೋಸ್ ಕೀ ಜೊತೆ ಸ್ಪೇಸ್. ಹಿಂದೆ ಕೂತವರು ಕನ್ನಡದಲ್ಲಿ ಬಿಟ್ಟುಹೋಗಿದ್ದು, ನೀವು ಇಂಗ್ಲಿಷ್ ಅಂದುಕೊಂಡು ಪಾಸ್‌ವರ್ಡ್ ಹೊಡೆದರೆ ಅದು ಎಷ್ಟು ಸಲವೂ ತಪ್ಪೇ. ಕೂತ ಮೇಲೆ ಮೊದಲ ಕೆಲಸ ಅದನ್ನು ಒಮ್ಮೆ ಒತ್ತಿ ಕೇಳಿಕೊಳ್ಳುವುದು. ವಿಂಡೋಸ್‌ನ ಕನ್ನಡ ಕೀಬೋರ್ಡ್‌ಗಳಲ್ಲಿ ಇನ್‌ಸ್ಕ್ರಿಪ್ಟ್ ಹಳೆಯದು. ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ನಿಂದ ಕನ್ನಡ ಫೊನೆಟಿಕ್ ಕೂಡ ಜೊತೆಗೇ ಬರುತ್ತದೆ. ಒಬ್ಬರಿಗೆ ಅದು, ಇನ್ನೊಬ್ಬರಿಗೆ ಇದು ಬೇಕಾದರೆ ಎರಡನ್ನೂ ಸೇರಿಸಿಟ್ಟುಕೊಳ್ಳಿ, ಯಾರೂ ಇನ್ನೊಬ್ಬರದ್ದನ್ನು ತೆಗೆಯಬೇಡಿ. ಕನ್ನಡ ಓದಿಸಲು ಎನ್‌ವಿಡಿಎ ಜೊತೆಯಲ್ಲೇ ಬರುವ ಈಸ್ಪೀಕ್ ಅನ್ನುವ ಧ್ವನಿ ತಂತ್ರಾಂಶದಲ್ಲಿ ಕನ್ನಡ ಧ್ವನಿ ಇದೆ. ಕೇಳಲು ಸ್ವಲ್ಪ ಒರಟು, ಆದರೆ ಒಂದು ವಾರದಲ್ಲಿ ಕಿವಿ ಒಗ್ಗುತ್ತದೆ.

ಕನ್ನಡ ಗಣಕ ಪರಿಷತ್ತಿನ ನುಡಿಯಂಥ ತಂತ್ರಾಂಶದಲ್ಲಿ ಬರೆಯುವವರು ಇನ್ನೊಂದು ಟಿಕ್ ತಿಳಿದಿರಬೇಕು. ಕೀಬೋರ್ಡ್ ಸೆಟ್ಟಿಂಗ್‌ನ ಕೆಳಗಡೆ, ಬೇರೆ ತಂತ್ರಾಂಶಗಳಿಂದ ಬರುವ ಕೀಗಳನ್ನೂ ಎನ್‌ವಿಡಿಎ ನೋಡಿಕೊಳ್ಳಬೇಕೇ ಅಂತ ಒಂದು ಆಯ್ಕೆ ಇದೆ. ಮೊದಲಿಂದ ಆನ್ ಇರುತ್ತದೆ. ವಿಯೆಟ್ನಾಂನವರು ಬಳಸುವ ಯುನಿಕೀಯಲ್ಲಿ ಅದು ಆನ್ ಇದ್ದರೆ ಅಕ್ಷರ ತಪ್ಪಾಗಿ ಬೀಳುತ್ತದೆ ಅಂತ ಎನ್‌ವಿಡಿಎ ಕೈಪಿಡಿಯೇ ಹೇಳುತ್ತದೆ. ಎನ್‌ವಿಡಿಎ ಓಡುತ್ತಿದ್ದಾಗ ಮಾತ್ರ ನಿಮ್ಮ ಕನ್ನಡ ಅಕ್ಷರ ಎಡವಟ್ಟಾಗುತ್ತಿದ್ದರೆ ಆ ಟಿಕ್ ತೆಗೆದು ಒಂದು ಸಾಲು ಬರೆದು ನೋಡಿ.

ವಿಂಡೋಸ್‌ನ ತಂಟೆ

ಎನ್‌ವಿಡಿಎಯಲ್ಲಿ ಶಿಫ್ಟ್ ಒತ್ತಿದರೆ ಮಾತು ತಡೆಯುತ್ತದೆ, ಮತ್ತೆ ಒತ್ತಿದರೆ ಮುಂದುವರಿಯುತ್ತದೆ. ಕಲಿಯುವವರು ಇದನ್ನು ತುಂಬಾ ಬಳಸುತ್ತಾರೆ. ಅದೇ ಶಿಫ್ಟನ್ನು ಸಾಲಾಗಿ 5 ಸಲ ಒತ್ತಿದರೆ ವಿಂಡೋಸ್ ಸ್ಟಿಕಿ ಕೀಸ್ (ಶಿಫ್ಟ್, ಕಂಟ್ರೋಲ್ ಥರದ ಕೀಗಳನ್ನು ಹಿಡಿದಿಡದೆ ಒಂದೊಂದಾಗಿ ಒತ್ತಲು ಬಿಡುವ ಸೌಲಭ್ಯ) ಬೇಕೇ ಅಂತ ಕೇಳುತ್ತದೆ, ಅವಸರದಲ್ಲಿ ಎಂಟರ್ ಒತ್ತಿದರೆ ಅದು ಆನ್ ಆಗಿಬಿಡುತ್ತದೆ. ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಹಿಡಿದರೆ ಫಿಲ್ಟರ್ ಕೀಸ್ ಬರುತ್ತದೆ. ಅದು ಆನ್ ಇದ್ದರೆ ಬೇಗ ಒತ್ತಿದ ಕೀಗಳನ್ನು ಕಂಪ್ಯೂಟರ್ ಲೆಕ್ಕಕ್ಕೇ ತೆಗೆದುಕೊಳ್ಳದೆ ಹೋಗಬಹುದು, ಕೀಬೋರ್ಡ್ ಕೆಟ್ಟಿದೆ ಅಂತಲೇ ಅನ್ನಿಸುತ್ತದೆ. ವಿಂಡೋಸ್ ಕೀ ಜೊತೆ ಯು ಒತ್ತಿ, ಕೀಬೋರ್ಡ್ ಭಾಗಕ್ಕೆ ಹೋಗಿ, ಇವೆರಡರ ಶಾರ್ಟ್‌ಕಟ್ ಆಫ್ ಮಾಡಿ. ಆದರೆ ಕೈ ನಡುಗುವ ಅಜ್ಜಿಯೋ ತಾತನೋ ಅದನ್ನು ಬಳಸುತ್ತಿದ್ದರೆ ಕೇಳದೆ ತೆಗೆಯಬೇಡಿ. ಅವರಿಗೂ ಅದು ನಮ್ಮ ಎನ್‌ವಿಡಿಎ ಇದ್ದ ಹಾಗೆಯೇ.

ಒಟ್ಟಿಗೆ ಎರಡು ಧ್ವನಿ ಕೇಳಿಸಿದರೆ ವಿಂಡೋಸ್‌ನ ನರೇಟರ್ ಎದ್ದಿದೆ ಅಂತ ತಿಳಿಯಿರಿ. ಅದೂ ಕ್ಯಾಪ್ಸ್ ಲಾಕ್, ಇನ್ಸರ್ಟ್ ಎರಡನ್ನೂ ತನ್ನದು ಅನ್ನುತ್ತದೆ. ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಒತ್ತಿದರೆ ಮಲಗುತ್ತದೆ.

ಬೇರೆ ಕಡೆ ಹೋದಾಗ

ಲೈಬ್ರರಿ, ಸೈಬರ್ ಸೆಂಟರ್, ಗೆಳತಿಯ ಮನೆ ಅಂತ ಹೋಗುವಾಗ ನಿಮ್ಮ ಎನ್‌ವಿಡಿಎಯನ್ನೇ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಎನ್‌ವಿಡಿಎ ಮೆನು, ಟೂಲ್ಸ್, ಅದರಲ್ಲಿ ಪೋರ್ಟಬಲ್ ಕಾಪಿ ಮಾಡುವ ಆಯ್ಕೆ. ಫೋಲ್ಡರ್ ಆರಿಸಿ, ಈಗಿನ ಸೆಟ್ಟಿಂಗ್ ಕಾಪಿ ಮಾಡುವ ಟಿಕ್ ಹಾಕಿ. ಅಲ್ಲಿ ಓಡಿಸಿದಾಗ ಆ ಯಂತ್ರದ ಎನ್‌ವಿಡಿಎ ಇದ್ದರೆ ಅದು ಮುಚ್ಚಿಕೊಂಡು ನಿಮ್ಮದು ಮಾತಾಡುತ್ತದೆ. ಅವರ ಸೆಟ್ಟಿಂಗ್ ಮುಟ್ಟಿದಂತೆಯೇ ಆಗುವುದಿಲ್ಲ. ಅಡ್ಮಿನ್ ಅನುಮತಿ ಕೇಳುವ ಪರದೆಯಲ್ಲಿ ಪೋರ್ಟಬಲ್ ಕಾಪಿ ಮಾತಾಡದು, ಲಾಗಿನ್ ಪರದೆಯಲ್ಲೂ ಬರದು. ಅಷ್ಟಕ್ಕೆ ಪಕ್ಕದವರನ್ನು ಕೇಳಬೇಕಾಗುತ್ತದೆ.

ಏನೋ ಬದಲಾಗಿದೆ, ಏನಂತ ಗೊತ್ತಾಗುತ್ತಿಲ್ಲ

ಮೊದಲು ಎರಡು ಇನ್ಸರ್ಟ್, ಕ್ಯಾಪ್ಸ್ ಲಾಕ್ ಮೂರರ ಜೊತೆಗೂ ಒಂದೊಂದಾಗಿ ಎನ್ ಒತ್ತಿ ನೋಡಿ. ಯಾವುದರಿಂದ ಮೆನು ತೆರೆಯಿತೋ ಅದೇ ಈಗಿನ ಎನ್‌ವಿಡಿಎ ಕೀ. ಬರೆಯುತ್ತಿರುವ ಮೇಲ್‌ನ ಒಳಗೆ ಕೂತು ಇದನ್ನು ಮಾಡಬೇಡಿ, ವಿಂಡೋಸ್ ಕೀ ಜೊತೆ ಡಿ ಒತ್ತಿ ಡೆಸ್ಕ್‌ಟಾಪ್‌ಗೆ ಹೋಗಿ ಮಾಡಿ. ಮೆನುವನ್ನು ಎಸ್ಕೇಪ್‌ನಿಂದ ಮುಚ್ಚಿ, ಸಿಕ್ಕ ಕೀ ಜೊತೆ 1 ಒತ್ತಿ. ಇನ್‌ಪುಟ್ ಹೆಲ್ಪ್ ಆನ್ ಆಗುತ್ತದೆ. ಆಮೇಲೆ ಯಾವ ಕೀ ಒತ್ತಿದರೂ ಅದರ ಹೆಸರನ್ನೂ ಕೆಲಸವನ್ನೂ ಹೇಳುತ್ತದೆಯೇ ಹೊರತು ಮಾಡುವುದಿಲ್ಲ. ಎನ್‌ವಿಡಿಎ ಕೀ ಜೊತೆ ಕೆಳಬಾಣ ಒತ್ತಿ ಕೇಳಿ, ಯಾವ ಲೇಔಟ್ ಅಂತ ಅದರಲ್ಲೇ ತಿಳಿಯುತ್ತದೆ. ಎನ್‌ವಿಡಿಎ ಕೀ ಜೊತೆ ಮತ್ತೆ 1 ಒತ್ತಿ ಹೊರಬನ್ನಿ, ಬೇಕಿದ್ದರೆ ಅದೇ ಕೀಗೆ ಕಂಟ್ರೋಲ್ ಮತ್ತು ಆರ್ ಸೇರಿಸಿ ಒಂದು ಸಲ ಒತ್ತಿ ನಿಮ್ಮ ಸೆಟ್ಟಿಂಗ್ ಮರಳಿ ಪಡೆಯಿರಿ. ಆ ಸೋಮವಾರ ನನಗೆ ಇಷ್ಟು ಗೊತ್ತಿದ್ದರೆ ಸಾಕಿತ್ತು.